ಪದಚರ್ಚೆ: ಪೈಪ್‌ಲೈನ್ ವಿಚಾರಣೆಯ ‘ಇಂಟರ್ವೀನರ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಕೆನಡಾದ ಟ್ರಾನ್ಸ್ ಮೌಂಟೇನ್ ಪೈಪ್‌ಲೈನ್ ಬಗ್ಗೆ ಒಂದು ಉದ್ದದ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಚ್ಚಾ ಎಣ್ಣೆ, ಬ್ಯಾರೆಲ್, ಸೋರಿಕೆ ಇವೆಲ್ಲ ಸಲೀಸಾಗಿ ಬಂದವು. ಯೋಜನೆಯ ಪರಿಶೀಲನೆಯಲ್ಲಿ ಜನ ಹೇಗೆ ಸೇರಿಕೊಂಡರು ಅನ್ನುವ ಭಾಗ ಮಾತ್ರ ಮುಂದಕ್ಕೇ ಹೋಗುತ್ತಿಲ್ಲ. ಮುಖ್ಯ ತೊಡಕು ‘ಇಂಟರ್ವೀನರ್’, ಅಂದರೆ ಪರಿಶೀಲನೆಯಲ್ಲಿ ಪ್ರಶ್ನೆ ಹಾಕುವ, ಪುರಾವೆ ಕೊಡುವ ಹಕ್ಕು ಪಡೆದು ಸೇರಿಕೊಂಡವರು. ‘ಮಧ್ಯಪ್ರವೇಶಿ’ ಅಂದರೆ ಕರೆಯದೇ ಬಂದು ನಡುವೆ ಬಾಯಿ ಹಾಕಿದವನ ಹಾಗೆ ಕೇಳಿಸುತ್ತದೆ, ಅಲ್ವಾ? ‘ಮಧ್ಯಸ್ಥಗಾರ’ ಅಂತೂ ಪೂರ್ತಿ ಬೇರೆ, ಅವನು ಜಗಳ ಬಿಡಿಸುವವನು.

ಹಿನ್ನೆಲೆ ಗೊತ್ತಿದ್ದರೆ ಪದ ಹುಡುಕುವುದು ಸುಲಭ. ಆಲ್ಬರ್ಟಾದ ಎಡ್ಮಂಟನ್‌ನಿಂದ ವ್ಯಾಂಕೂವರ್ ಪಕ್ಕದ ಬರ್ನಬಿವರೆಗೆ, ಸುಮಾರು 1,150 ಕಿ.ಮೀ., 1953ರಿಂದಲೂ ಒಂದು ಎಣ್ಣೆ ಪೈಪು ಇದೆ. ಇನ್ನೊಂದು ಸಾಲು ಹಾಕಿ, ದಿನಕ್ಕೆ 3 ಲಕ್ಷ ಬ್ಯಾರೆಲ್ ಸಾಗುತ್ತಿದ್ದದ್ದನ್ನು 8 ಲಕ್ಷ 90 ಸಾವಿರಕ್ಕೆ ಏರಿಸಬೇಕು ಅಂತ 2013ರ ಡಿಸೆಂಬರ್‌ನಲ್ಲಿ ಕಂಪನಿ ರಾಷ್ಟ್ರೀಯ ಇಂಧನ ಮಂಡಳಿಗೆ (ಇಂಥ ಯೋಜನೆಗಳನ್ನು ಆಗ ಪರಿಶೀಲಿಸುತ್ತಿದ್ದ ಕೇಂದ್ರ ಸಂಸ್ಥೆ) ಅರ್ಜಿ ಹಾಕಿತು. ಅದಕ್ಕೂ ಮುಂಚೆ, 2012ರಲ್ಲಿ, ಅಲ್ಲಿನ ಕಾನೂನು ಬಿಗಿಯಾಗಿತ್ತು. ಯೋಜನೆ ಯಾರನ್ನು ನೇರವಾಗಿ ತಟ್ಟುತ್ತದೋ ಅವರ ಮಾತನ್ನು ಮಂಡಳಿ ಕೇಳಲೇಬೇಕಿತ್ತು. ವಿಷಯದ ಮಾಹಿತಿಯೋ ಪರಿಣತಿಯೋ ಇರುವವರ ಮಾತನ್ನು ಬೇಕಿದ್ದರೆ ಕೇಳಬಹುದಿತ್ತು. ಮಿಕ್ಕವರಿಗೆ ಬಾಗಿಲಿರಲಿಲ್ಲ. ಅಂದರೆ ಮಾತಾಡಬೇಕು ಅಂದರೂ ಮೊದಲು ಅರ್ಜಿ ಹಾಕಬೇಕಿತ್ತು! 2,118 ಅರ್ಜಿ ಬಂದವು. 400 ಅರ್ಜಿದಾರರನ್ನು ಇಂಟರ್ವೀನರ್ ಅಂತ ಒಪ್ಪಿದರು, 1,250 ಮಂದಿಯನ್ನು ಕಾಮೆಂಟರ್ ಅಂತ ಸೇರಿಸಿಕೊಂಡರು, 468 ಮಂದಿಗೆ ಏನೂ ಇಲ್ಲ ಅಂದರು. ಇಂಟರ್ವೀನರ್ ಆಗಬೇಕು ಅಂತ ಕೇಳಿದ್ದ ಎಷ್ಟೋ ಜನರನ್ನು ಕಾಮೆಂಟರ್ ಸಾಲಿಗೆ ಇಳಿಸಿದರು.

ಈ ಎರಡರ ನಡುವಿನ ವ್ಯತ್ಯಾಸವೇ ಕನ್ನಡದಲ್ಲಿ ಕಾಣಬೇಕಾದದ್ದು. ಕಾಮೆಂಟರ್ ಒಂದು ಪತ್ರ ಬರೆದುಕೊಡಬಹುದು, ಅಷ್ಟೇ. ಇಂಟರ್ವೀನರ್ ಕಂಪನಿಗೆ ಪ್ರಶ್ನೆ ಹಾಕಬಹುದು, ತನ್ನ ಪುರಾವೆ ಸಲ್ಲಿಸಬಹುದು, ಕೊನೆಗೆ ವಾದವನ್ನೂ ಮಂಡಿಸಬಹುದು. ಪ್ರಶ್ನೆ ಮಾತ್ರ ಬರವಣಿಗೆಯಲ್ಲೇ ಇರಬೇಕಿತ್ತು. ಪಾಟೀಸವಾಲಿಗೆ ಈ ಸಲ ಮಂಡಳಿ ಅವಕಾಶ ಕೊಡಲಿಲ್ಲ. ಅದರ ಪರಿಣಾಮಕ್ಕೆ ಒಂದು ನಿದರ್ಶನ: ಎಣ್ಣೆ ಸೋರಿದರೆ ಏನು ಮಾಡುತ್ತೀರಿ, ನಿಮ್ಮ ತುರ್ತು ಯೋಜನೆಯನ್ನು ಪೂರ್ತಿ ತೋರಿಸಿ ಅಂತ ಬ್ರಿಟಿಷ್ ಕೊಲಂಬಿಯಾ ಸರ್ಕಾರವೇ ಕೇಳಿತು. ಕಂಪನಿ ಎಷ್ಟೋ ಭಾಗ ಮರೆಮಾಡಿದ ಪ್ರತಿ ಕೊಟ್ಟಿತು. ಪೂರ್ತಿ ಕೊಡಿಸಿ ಅಂತ ಮಂಡಳಿಗೆ ದೂರಿದರೆ ಮಂಡಳಿ ಒಪ್ಪಲಿಲ್ಲ. ಒಂದು ಪ್ರಾಂತ್ಯದ ಸರ್ಕಾರಕ್ಕೇ ಈ ಪಾಡು ಅಂದಮೇಲೆ ದಂಡೆಯ ಮೇಲೆ ಮನೆ ಕಟ್ಟಿಕೊಂಡವರ ಪ್ರಶ್ನೆಗೆ ಎಷ್ಟು ತೂಕವಿದ್ದೀತು ಅಂತ ನನಗೆ ಅನಿಸಿತು. ಅದು ಪದಚರ್ಚೆಗೆ ಸೇರದ ಮಾತು, ಬಿಡಿ.

‘ತಕರಾರುದಾರ’, ‘ಆಕ್ಷೇಪಣೆದಾರ’ ಅನ್ನಬಹುದಲ್ಲ ಅಂತ ಒಬ್ಬ ಗೆಳೆಯರು ಹೇಳಿದರು. ನಮ್ಮಲ್ಲಿ ಕರೆಂಟ್ ದರ ಏರಿಸುವಾಗ ವಿದ್ಯುತ್ ನಿಯಂತ್ರಣ ಆಯೋಗ ಆಕ್ಷೇಪಣೆ ಕರೆಯುತ್ತದೆ, ಸರಿ. ಆದರೆ ಇಲ್ಲಿ ಪೈಪು ಬೇಕು ಅಂದ ಆಲ್ಬರ್ಟಾ ಪ್ರಾಂತ್ಯವೂ ಇಂಟರ್ವೀನರ್, ಬೇಡ ಅಂದ ಬರ್ನಬಿ ನಗರವೂ ಇಂಟರ್ವೀನರ್. ತಕರಾರು ಇಲ್ಲದವರನ್ನು ತಕರಾರುದಾರ ಅನ್ನಲಾದೀತೇ? ನಡೆಯುತ್ತಿರುವ ಕೇಸಿಗೆ ಕಕ್ಷಿದಾರರಾಗಿ ಸೇರಿಕೊಳ್ಳುವುದಕ್ಕೆ ನಮ್ಮ ವಕೀಲರು ‘ಇಂಪ್ಲೀಡ್ ಆಗೋದು’ ಅಂತಾರಲ್ಲ, ಅದರ ಹತ್ತಿರ ಬರುತ್ತದೆ ಇದು. ಹಾಗಾಗಿ ಸದ್ಯಕ್ಕೆ ‘ಸೇರ್ಪಡೆ ಕಕ್ಷಿದಾರ’ ಅಂತ ಬರೆದಿಟ್ಟಿದ್ದೇನೆ. ಕೋರ್ಟಿನ ವಾಸನೆ ಸ್ವಲ್ಪ ಜಾಸ್ತಿ ಆಯಿತು. ಆದರೆ ಹಕ್ಕಿರುವವನು ಅನ್ನುವುದಾದರೂ ಗೊತ್ತಾಗುತ್ತದೆ.

ಇನ್ನು ‘ಹಿಯರಿಂಗ್’. ನಮ್ಮ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಕಟಣೆಗಳಲ್ಲಿ ‘ಪರಿಸರ ಸಾರ್ವಜನಿಕ ಆಲಿಕೆ ಸಭೆ’ ಅಂತ ಇರುತ್ತದೆ, ಕೆಲವು ಕಡೆ ‘ಅಹವಾಲು ಸಭೆ’. ‘ಆಲಿಕೆ’ ನನಗೆ ಇಷ್ಟವಾದ ಪದ. ಆದರೆ ಆಲಿಸುವವರು ಸುಮ್ನೆ ಕೂತು ಆಲಿಸುತ್ತಾರೆ, ಅದರಲ್ಲಿ ಪ್ರಶ್ನೆ ಉತ್ತರ ಬರುವುದಿಲ್ಲ. ‘ವಿಚಾರಣೆ’ ಅಂದರೆ ಪೊಲೀಸ್ ಠಾಣೆ ನೆನಪಾಗುತ್ತದೆ, ಆದರೂ ಪ್ರಶ್ನೆ, ಪುರಾವೆ, ವಾದ ಎಲ್ಲ ಅದರಲ್ಲಿ ಸೇರುತ್ತದೆ. ಎರಡನ್ನೂ ಇಟ್ಟುಕೊಂಡರೆ ಹೇಗೆ? ಇದಕ್ಕೆ ಕೆನಡಾದ್ದೇ ಒಂದು ಹಳೆಯ ಆಧಾರ ಸಿಕ್ಕಿತು. 1974ರಿಂದ 77ರವರೆಗೆ ಥಾಮಸ್ ಬರ್ಗರ್ ಅನ್ನುವ ನ್ಯಾಯಾಧೀಶರು ಉತ್ತರ ಕೆನಡಾದ ಮೆಕೆಂಜಿ ಕಣಿವೆಯ ಗ್ಯಾಸ್ ಪೈಪ್‌ಲೈನ್ ಬಗ್ಗೆ ತನಿಖೆ ನಡೆಸಿದರು. ಯೆಲ್ಲೋನೈಫ್ ಊರಿನಲ್ಲಿ ಕಂಪನಿಗಳ, ಸಂಘಟನೆಗಳ ವಕೀಲರು ತಜ್ಞರಿಗೆ ಪಾಟೀಸವಾಲು ಹಾಕುವ ಕಲಾಪ ಒಂದು ಕಡೆ. ಇನ್ನೊಂದು ಕಡೆ ಬರ್ಗರ್ ಅವರೇ 35 ಊರುಗಳಿಗೆ ಹೋಗಿ, ಹೆಚ್ಚುಕಡಿಮೆ ಸಾವಿರ ಜನರ ಮಾತು ಆಲಿಸಿದರು. ಡೆನೆ, ಇನುಯಿಟ್ ಮೂಲನಿವಾಸಿ ಜನ ತಮ್ಮ ತಮ್ಮ ನುಡಿಯಲ್ಲೇ ಮಾತಾಡಿದರು. ಬೇಟೆಯ ದಾರಿ, ಮೀನು, ಅಜ್ಜಂದಿರ ಸಮಾಧಿ, ಏನು ಬೇಕಾದರೂ ಹೇಳಬಹುದಿತ್ತು. ಕೊನೆಗೆ ಹತ್ತು ವರ್ಷ ಪೈಪು ಬೇಡ ಅಂತ ಬರ್ಗರ್ ವರದಿ ಕೊಟ್ಟರು. ಮೊದಲನೆಯದನ್ನು ‘ವಿಚಾರಣೆ’, ಎರಡನೆಯದನ್ನು ‘ಆಲಿಕೆ’ ಅಂತ ಬರೆದರೆ ಓದುಗರಿಗೆ ವಿವರಣೆಯೇ ಬೇಕಾಗುವುದಿಲ್ಲ.

‘ಕನ್ಸಲ್ಟೇಶನ್’ಗೆ ‘ಸಮಾಲೋಚನೆ’ ಅಂತ ಎಲ್ಲರೂ ಬರೆಯುತ್ತಾರೆ. ಊರಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ‘ನಮ್ಮನ್ನ ಒಂದು ಮಾತು ಕೇಳಲಿಲ್ಲ’ ಅಂತಾರೆ. ಕೇಳುವುದು ಅಂದರೆ ಕಿವಿಗೊಡುವುದೂ ಹೌದು, ಪ್ರಶ್ನೆ ಹಾಕುವುದೂ ಹೌದು, ಒಪ್ಪಿಗೆ ಬೇಡುವುದೂ ಹೌದು. ಇಷ್ಟು ಹಿಗ್ಗುವ ಪದ ಅನುವಾದದಲ್ಲಿ ಕಾಲಿಗೆ ತೊಡರುತ್ತದೆ. ‘ಸರ್ಕಾರ ಮೂಲನಿವಾಸಿಗಳನ್ನು ಕೇಳಿತು’ ಅಂತ ಬರೆದೆ ಅನ್ನಿ. ಏನು ಮಾಡಿತು ಅಂತ ಅರ್ಥ? 2018ರ ಆಗಸ್ಟ್‌ನಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಟ್ರಾನ್ಸ್ ಮೌಂಟೇನ್ ಯೋಜನೆಗೆ ಸರ್ಕಾರ ಕೊಟ್ಟಿದ್ದ ಒಪ್ಪಿಗೆಯನ್ನು ರದ್ದು ಮಾಡಿದ್ದು ಹೆಚ್ಚುಕಡಿಮೆ ಇದೇ ಪ್ರಶ್ನೆಯ ಮೇಲೆ. ಸ್ಲೇಲ್-ವಾಟೂತ್ ಮೊದಲಾದ ಮೂಲನಿವಾಸಿ ಸಮುದಾಯಗಳ ಜೊತೆ ಕೂತ ಅಧಿಕಾರಿಗಳು ಅವರು ಹೇಳಿದ್ದನ್ನು ಬರೆದುಕೊಂಡು ಹೋದರು, ಮರಳಿ ಮಾತಾಡಲಿಲ್ಲ, ಉತ್ತರ ಕೊಡುವ ಅಧಿಕಾರ ಇದ್ದವರು ಯಾರೂ ಅಲ್ಲಿರಲಿಲ್ಲ ಅಂತ ನ್ಯಾಯಾಲಯ ಹೇಳಿತು. (ಎಣ್ಣೆ ಹಡಗುಗಳ ಓಡಾಟವನ್ನು ಮಂಡಳಿ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಅನ್ನುವುದು ಇನ್ನೊಂದು ಕಾರಣ.) ಈ ಭಾಗದಲ್ಲಿ ‘ಸಮಾಲೋಚನೆ’ ಹಾಕಿದರೆ ಚುರುಕು ಹೋಗುತ್ತದೆ. ‘ಕೇಳಿಸಿಕೊಂಡರು, ಮಾತುಕತೆ ಆಡಲಿಲ್ಲ’ ಅಂತ ಬಿಡಿಸಿ ಬರೆದಿದ್ದೇನೆ. ಒಂದೇ ಪದ ಬೇಕೇಬೇಕು ಅನ್ನುವವರಿಗೆ ‘ಮಾತುಕತೆ’ ಸಾಲದೇ?

‘ನೇರವಾಗಿ ತಟ್ಟುವವರು’ ಅಂತ ಮೇಲೆ ಬರೆದೆನಲ್ಲ, ಅದಕ್ಕೆ ಮೊದಲು ‘ಸಂತ್ರಸ್ತರು’ ಅಂತ ಹಾಕುವ ಮನಸ್ಸಿತ್ತು. ಆಲಮಟ್ಟಿ ಕಡೆಯ ಮುಳುಗಡೆ ಸಂತ್ರಸ್ತರನ್ನು ನೆನೆದು ಬಿಟ್ಟೆ. ಆ ಪದ ಬರುವ ಹೊತ್ತಿಗೆ ನೀರು ಮನೆಯೊಳಗೆ ಬಂದಾಗಿರುತ್ತದೆ. ಇಲ್ಲಿ ಅರ್ಜಿಯ ಹೊತ್ತಿಗೆ ಹೊಸ ಪೈಪು ಇನ್ನೂ ಕಾಗದದ ಮೇಲಿತ್ತು. ‘ಬಾಧಿತರು’ ಕೂಡ ಹಾಗೇ.

ಕಾಮೆಂಟರ್‌ಗೆ ನನ್ನಲ್ಲಿ ಒಳ್ಳೆಯ ಪದ ಇಲ್ಲ. ‘ಟೀಕಾಕಾರ’ ಅಂದರೆ ಈಗ ಬೈಯುವವನು. ‘ಅಹವಾಲುದಾರ’ ಅಂದರೆ ಕೈಮುಗಿದು ನಿಂತವನು. ‘ಪತ್ರ ಬರೆದವರು’ ಅಂತ ಸಾದಾ ಆಗಿ ಬಿಡೋಣವೇ?

ಕೋರ್ಟು ಕಚೇರಿಯಲ್ಲಿ ಕೆಲಸ ಮಾಡುವವರು, ಧಾರವಾಡ ಕಡೆಯವರು ದಯವಿಟ್ಟು ಹೇಳಿ: ‘ಸೇರ್ಪಡೆ ಕಕ್ಷಿದಾರ’ ಕಿವಿಗೆ ಹೇಗಿದೆ? ಬಳಕೆಯಲ್ಲಿರುವ ಪದ ಬೇರೆ ಇದ್ದರೆ ಅದೇ ಇರಲಿ.

ಇನ್ನೊಂದು ಸಣ್ಣದು. ಒಪ್ಪಿಗೆ ರದ್ದಾದ ಮೇಲೆ, 2019ರ ಫೆಬ್ರವರಿಯಲ್ಲಿ, ಮಂಡಳಿ ಎರಡನೇ ಸಲ ಕೊಟ್ಟ ವರದಿಯಲ್ಲಿ ಕಂಪನಿಗೆ 156 ‘ಕಂಡೀಶನ್’, ಸರ್ಕಾರಕ್ಕೆ 16 ‘ರೆಕಮೆಂಡೇಶನ್’ ಇವೆ. ಮೊದಲನೆಯದಕ್ಕೆ ‘ಷರತ್ತು’ ಸರಿಹೋಗುತ್ತದೆ. ಎರಡನೆಯದಕ್ಕೆ ‘ಶಿಫಾರಸು’ ಹಾಕಿದರೆ ಯಾರೋ ದೊಡ್ಡವರಿಂದ ಫೋನ್ ಮಾಡಿಸಿದ ಹಾಗೆ ಆಗುತ್ತದೆಯೇ, ಅಥವಾ ಆ ಅನುಮಾನ ನನಗೊಬ್ಬನಿಗೇ ಇದೆಯೇ?