ಅಮೆರಿಕದ ಕಾನೂನು, ರಘು ಚಿಕ್ಕಪ್ಪನ ಕೇಸು

ಕಳೆದ ಭಾನುವಾರ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬೆಳಗ್ಗೆ ಶುರುವಾದ ಜಗಳ ರಾತ್ರಿ ಊಟದವರೆಗೂ ನಡೆಯಿತು. ಎಲ್ಲರನ್ನೂ ಕೇಳಿ, ಹೆಸರು ಬದಲಿಸಿ ಇಲ್ಲಿ ಹಾಕುತ್ತಿದ್ದೇನೆ. ಇಂಥದೇ ಫಾರ್ವರ್ಡ್ ನಿಮ್ಮ ಗುಂಪಿಗೂ ಬಂದಿರಬಹುದು. ನಾನು ವಕೀಲೆ. ಈ ವಿಷಯದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯ ಇದೆ, ಅದನ್ನು ಮುಚ್ಚಿಡುವುದಿಲ್ಲ.

ದೊಡ್ಡಪ್ಪ (ಹಲವು ಬಾರಿ ಫಾರ್ವರ್ಡ್ ಆಗಿದೆ): ಎಚ್ಚರ! ನ್ಯೂಯಾರ್ಕ್‌ನಲ್ಲಿ ಕೊಲೆಗಾರರು, ಅತ್ಯಾಚಾರಿಗಳ ರೆಕಾರ್ಡ್ ಎಲ್ಲ ಅಳಿಸಿ ಹಾಕುವ ಕಾನೂನು ಬಂದಿದೆ. ನಿಮ್ಮ ಮಕ್ಕಳ ಪಕ್ಕದ ಮನೆಯವನು ಯಾರೆಂದು ಇನ್ನು ಗೊತ್ತಾಗುವುದಿಲ್ಲ. ಎಲ್ಲ ತಂದೆ ತಾಯಂದಿರಿಗೂ ಕಳಿಸಿ.

ದೊಡ್ಡಪ್ಪ: ಅನು ಓದಲು ಹೋಗುತ್ತಿರುವುದು ಅಲ್ಲಿಗೇ. ರೂಮು ನೋಡುವಾಗ ಹುಷಾರಮ್ಮಾ.

ಲಕ್ಷ್ಮಿ ಅತ್ತೆ: ಅಯ್ಯೋ ದೇವರೇ. ನಾಲ್ಕು ಗುಂಪಿಗೆ ಕಳಿಸಿದೆ.

ವಿನಯ್ (ನ್ಯೂಜೆರ್ಸಿ): ಇದು ಎಲ್ಲಿಂದ ಬಂತು ದೊಡ್ಡ ಮಾವ? ಯಾವ ಪೇಪರು? ಲಿಂಕ್ ಕೊಡಿ.

ದೊಡ್ಡಪ್ಪ: ನಮ್ಮ ವಾಕಿಂಗ್ ಗುಂಪಿನಲ್ಲಿ ಬಂತು. ಕಳಿಸಿದವರು ರಿಟೈರ್ಡ್ ಇಂಜಿನಿಯರ್, ಸುಳ್ಳು ಹೇಳುವವರಲ್ಲ.

ವಿನಯ್: ಕೊರೊನಾ ಕಾಲದಲ್ಲಿ ಕಷಾಯದ ಮೆಸೇಜ್ ಕಳಿಸಿದವರೂ ಅವರೇ ತಾನೇ?

ದೊಡ್ಡಪ್ಪ: ನನ್ನ ಭೀಮರಥ ಶಾಂತಿಗೆ ಒಂದು ಫೋನು ಮಾಡದವನು ನನಗೆ ಪಾಠ ಹೇಳುವುದು ಬೇಡ.

ಅಲ್ಲಿಗೆ ನ್ಯೂಯಾರ್ಕ್ ಮುಗಿಯಿತು. ಯಾರು ಯಾರ ಶಾಂತಿಗೆ ಬಂದರು, ಯಾರು ಬರಲಿಲ್ಲ ಎಂಬುದೇ ಸುಮಾರು ಹೊತ್ತು ನಡೆಯಿತು. ಅದರ ಮಧ್ಯೆ ನಾನು ಬರೆದೆ.

ನಾನು: ದೊಡ್ಡಪ್ಪ, ಕಾನೂನು ನಿಜ, ಮೆಸೇಜ್ ಸುಳ್ಳು. ಅದರ ಹೆಸರು ಕ್ಲೀನ್ ಸ್ಲೇಟ್ ಆಕ್ಟ್. 2023ರ ನವೆಂಬರ್ 16ರಂದು ಗವರ್ನರ್ ಕ್ಯಾಥಿ ಹೋಕುಲ್ ಸಹಿ ಹಾಕಿದರು, ಒಂದು ವರ್ಷ ಬಿಟ್ಟು ಜಾರಿಗೆ ಬಂತು. ಸಣ್ಣ ಅಪರಾಧವಾದರೆ ಶಿಕ್ಷೆ ಮುಗಿದು 3 ವರ್ಷ, ದೊಡ್ಡದಾದರೆ 8 ವರ್ಷ ಕಾಯಬೇಕು. ಅಷ್ಟು ದಿನ ಹೊಸ ತಪ್ಪು ಮಾಡಿರಬಾರದು. ಕೊಲೆ ಇದರಲ್ಲಿ ಬರುವುದೇ ಇಲ್ಲ. ಲೈಂಗಿಕ ಅಪರಾಧವೂ ಬರುವುದಿಲ್ಲ. ಇನ್ನೊಂದು ಮಾತು, ಅಳಿಸುವುದಿಲ್ಲ, ಬೀಗ ಹಾಕುತ್ತಾರೆ. ಪೊಲೀಸರು, ಕೋರ್ಟು, ಬಂದೂಕಿನ ಲೈಸೆನ್ಸ್ ಕೊಡುವವರು ನೋಡಬಹುದು. ಮಕ್ಕಳ ಜೊತೆ, ವಯಸ್ಸಾದವರ ಜೊತೆ ಕೆಲಸ ಮಾಡುವವರ ಬೆರಳಚ್ಚು ತಪಾಸಣೆಯಲ್ಲೂ ಕಾಣುತ್ತದೆ. ಬೀಗ ಇರುವುದು ಮಾಮೂಲಿ ಕಂಪನಿಗೆ, ಮನೆ ಬಾಡಿಗೆ ಕೊಡುವವರಿಗೆ.

ದೊಡ್ಡಪ್ಪ: ಇಷ್ಟುದ್ದ ಯಾರು ಓದುತ್ತಾರೆ. ಮಾಡಿದ್ದುಣ್ಣೋ ಮಹಾರಾಯ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ತಪ್ಪು ಮಾಡಿದವನ ಹೆಸರು ಊರಿಗೆಲ್ಲ ಗೊತ್ತಿರಬೇಕು.

ಅರುಣ (ದೊಡ್ಡಪ್ಪನ ಮಗ): ನಮ್ಮಲ್ಲಿ ಹುಬ್ಬಳ್ಳಿ ಗಲಾಟೆ ಕೇಸು ವಾಪಸ್ ತಗೊಂಡರಲ್ಲ, ಅದೇ ಇದು. ವೋಟಿಗಾಗಿ.

ನಾನು: ಅದೇ ಅಲ್ಲ ಅರುಣ. ಅಲ್ಲಿ ವಿಚಾರಣೆಯೇ ಮುಗಿಯದ ಕೇಸನ್ನು ಸರ್ಕಾರ ಕೈಬಿಡಲು ಹೊರಟಿತ್ತು. 2024ರ ಅಕ್ಟೋಬರ್‌ನಲ್ಲಿ 43 ಕೇಸುಗಳ ಬಗ್ಗೆ ಆದೇಶ ಆಯಿತು, 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ನ್ಯೂಯಾರ್ಕ್‌ನಲ್ಲಿ ಮಾತು ಇರುವುದು ಶಿಕ್ಷೆ ಅನುಭವಿಸಿ ಮುಗಿಸಿದವರ ಬಗ್ಗೆ.

ಅರುಣ: ನೀನು ಯಾವಾಗಲೂ ಆರೋಪಿಗಳ ಪರ.

ನಾಗರಾಜಣ್ಣ: ಕೇಸು ಅಂದರೆ ನನಗೆ ನೆನಪಾಗುವುದು ಗೋಕಾಕ್ ಚಳವಳಿ! 1982. ಅಣ್ಣಾವ್ರು ಊರೂರು ಸುತ್ತುತ್ತಿದ್ದ ಕಾಲ. ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ. ರಘು ಮಾವ ಕಾಲೇಜು ಹುಡುಗರ ಮೆರವಣಿಗೆಯಲ್ಲಿ ಮುಂದೆ, ನಾನು ಅವರ ಸೈಕಲ್ ಹಿಡಿದುಕೊಂಡು ಹಿಂದೆ. ದಾರಿಯಲ್ಲಿ ಯಾರೋ ಎಲ್ಲರಿಗೂ ಪಾನಕ ಕೊಟ್ಟರು. ಆಮೇಲೆ ಬಸ್ಸಿನ ಗಾಜು ಒಡೆಯಿತು, ಪೊಲೀಸರು ಮಾವನನ್ನು ವ್ಯಾನಿಗೆ ಹತ್ತಿಸಿಕೊಂಡು ಹೋದರು. ಆ ಸೈಕಲ್ ನಾನು ಮನೆಗೆ ತಳ್ಳಿಕೊಂಡು ಬಂದೆ, ಪೆಡಲ್‌ಗೆ ಕಾಲು ಎಟುಕುತ್ತಿರಲಿಲ್ಲ.

ಲಕ್ಷ್ಮಿ ಅತ್ತೆ: ನಾಗೂ, ಅದೆಲ್ಲ ಈಗ ಯಾಕೆ.

ಲಕ್ಷ್ಮಿ ಅತ್ತೆ: ಅಮ್ಮ ಆವತ್ತು ಊಟ ಮಾಡಲಿಲ್ಲ.

ರಘು ಚಿಕ್ಕಪ್ಪ: ನಾನು ಕಲ್ಲು ಹೊಡೆದಿಲ್ಲ. ಘೋಷಣೆ ಕೂಗಿದೆ ಅಷ್ಟೆ.

ರಘು ಚಿಕ್ಕಪ್ಪ ಈ ಗುಂಪಿನಲ್ಲಿ ಹುಟ್ಟುಹಬ್ಬಕ್ಕೆ ಶುಭಾಶಯ ಬಿಟ್ಟು ಬೇರೇನೂ ಬರೆಯುವವರಲ್ಲ. ಆ ಕೇಸಿನ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಎದುರಿಗೆ ಆಡುವುದಿಲ್ಲ. ವರ್ಷಗಟ್ಟಲೆ ಅಲೆದ ಮೇಲೆ ಕೋರ್ಟು ಖುಲಾಸೆ ಮಾಡಿತು. ಅಷ್ಟರಲ್ಲಿ ಒಂದು ಸರ್ಕಾರಿ ಕೆಲಸದ ಪಟ್ಟಿಯಲ್ಲಿ ಅವರ ಹೆಸರು ಬಂದಿತ್ತು. ವೆರಿಫಿಕೇಶನ್ ಫಾರಂನಲ್ಲಿ 'ಎಂದಾದರೂ ಬಂಧನವಾಗಿದೆಯೇ' ಎಂಬ ಸಾಲಿಗೆ ಹೌದು ಎಂದು ನಿಜ ಬರೆದರು. ಆದೇಶ ಬರಲೇ ಇಲ್ಲ. ಆಮೇಲೆ ಉದ್ದಕ್ಕೂ ಅಂಗಡಿಗಳ ಲೆಕ್ಕ ಬರೆದು ಸಂಸಾರ ಸಾಗಿಸಿದರು.

ದೊಡ್ಡಪ್ಪ: ರಘು ವಿಷಯ ಬೇರೆ. ಅವನು ಕ್ರಿಮಿನಲ್ ಅಲ್ಲ.

ಮಂಜುಳಾ ಚಿಕ್ಕಮ್ಮ (ರಘು ಚಿಕ್ಕಪ್ಪನ ಹೆಂಡತಿ): ಹಾಗಾದರೆ ಹೆಣ್ಣು ನೋಡಲು ಬಂದಾಗ ನಮ್ಮ ಅಪ್ಪನ ಹತ್ತಿರ ಯಾಕೆ ಮುಚ್ಚಿಟ್ಟಿರಿ ಭಾವ? ಹೆಸರು ಊರಿಗೆಲ್ಲ ಗೊತ್ತಿರಬೇಕು ಅಂತ ಈಗ ತಾನೇ ಬರೆದಿರಿ.

ದೊಡ್ಡಪ್ಪ: ಮುಚ್ಚಿಡಲಿಲ್ಲ. ಹೇಳುವ ಸಂದರ್ಭ ಬರಲಿಲ್ಲ.

ಮಂಜುಳಾ ಚಿಕ್ಕಮ್ಮ: ಮದುವೆಯಾದ ಮೇಲೆ ನನ್ನ ತಮ್ಮನಿಗೆ ಬೇರೆಯವರ ಬಾಯಿಂದ ಗೊತ್ತಾಯಿತು. ನಮ್ಮ ಮನೆಯಲ್ಲಿ ಎಷ್ಟು ಮಾತು ಬಂತು ಅಂತ ನಿಮಗೆ ಗೊತ್ತೇ? ಇವರು ತಪ್ಪು ಮಾಡಿಲ್ಲ ಅಂತ ನೀವೇ ಬಂದು ಹೇಳಿದ್ದರೆ ನಮ್ಮ ಅಪ್ಪ ಬೇಡ ಅನ್ನುತ್ತಿರಲಿಲ್ಲ.

ಅರುಣ: ಚಿಕ್ಕಮ್ಮ, ಅಪ್ಪನಿಗೆ ಬಿಪಿ ಇದೆ. ಹಳೆಯದನ್ನು ಕೆದಕಬೇಡಿ.

ಮಂಜುಳಾ ಚಿಕ್ಕಮ್ಮ: ಕೆದಕಿದ್ದು ನಾನಲ್ಲಪ್ಪ.

ಲಕ್ಷ್ಮಿ ಅತ್ತೆ: ಎಲ್ಲರೂ ಊಟ ಮಾಡಿ, ಆಮೇಲೆ ಮಾತಾಡಿ.

ಊಟ ಆದ ಮೇಲೂ ಯಾರೂ ಬಿಡಲಿಲ್ಲ. ಈ ಜಗಳದಲ್ಲಿ ನಾನು ಪೂರ್ತಿ ಚಿಕ್ಕಮ್ಮನ ಪರ. ದೊಡ್ಡಪ್ಪ ಕೆಟ್ಟವರಲ್ಲ, ತಮ್ಮನಿಗೆ ಒಳ್ಳೆಯದಾಗಲಿ ಎಂದೇ ಹಾಗೆ ಮಾಡಿದರು. ತಮ್ಮನಿಗೆ ಏನು ಬೇಕು ಅನ್ನಿಸಿತ್ತೋ ಅದನ್ನೇ ಆ ಕಾನೂನು ಯಾರೋ ಗೊತ್ತಿಲ್ಲದವರಿಗೆ ಕೊಡುತ್ತಿದೆ. ನಾನು ಮತ್ತೆ ಬರೆದೆ, ಉದ್ದವಾದರೂ ಪರವಾಗಿಲ್ಲ ಎಂದು.

ನಾನು: ರಘು ಚಿಕ್ಕಪ್ಪನಂಥವರ ಮಾತು ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಒಂದು ಉದಾಹರಣೆ ಇದೆ: ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಕೇಸು. ಅದನ್ನು ಫಾರಂನಲ್ಲಿ ಬರೆಯದಿದ್ದರೂ ಕೆಲಸ ಕೊಡುವವರು ಮನ್ನಿಸಬಹುದು ಅಂತ. ಆದರೆ 'ಮನ್ನಿಸಬಹುದು' ಅಷ್ಟೆ, ಮನ್ನಿಸಲೇಬೇಕು ಅಂತಿಲ್ಲ. ಬಾಲಾಪರಾಧಿಗಳಿಗಾದರೆ 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಇದೆ. ಘೋರ ಅಪರಾಧ ಮಾಡಿದ 16 ದಾಟಿದವರನ್ನು ಬಿಟ್ಟು ಉಳಿದವರ ದಾಖಲೆ ನಾಶ ಮಾಡಬೇಕು. 18 ದಾಟಿದವರಿಗೆ ಅಂಥ ಸಾಮಾನ್ಯ ಕಾನೂನು ನಮ್ಮಲ್ಲಿ ಇಲ್ಲ.

ವಿನಯ್: ಇಲ್ಲಿ ಎಷ್ಟೋ ರಾಜ್ಯಗಳಲ್ಲಿ ಮೊದಲಿಂದಲೂ ಇತ್ತಲ್ಲ? ಅರ್ಜಿ ಹಾಕಿ ತೆಗೆಸಬಹುದಿತ್ತು. ಹೊಸದೇನು?

ನಾನು: ಅರ್ಜಿಯೇ ತೊಂದರೆ ವಿನಯ್. ಮಿಷಿಗನ್‌ನಲ್ಲಿ ಪ್ರೆಸ್ಕಾಟ್, ಸ್ಟಾರ್ ಅಂತ ಇಬ್ಬರು ಪ್ರೊಫೆಸರ್‌ಗಳು ಲೆಕ್ಕ ಹಾಕಿದರು, 2020ರಲ್ಲಿ ಪ್ರಕಟವಾಯಿತು. ಅರ್ಹರಾದವರಲ್ಲಿ 5 ವರ್ಷದೊಳಗೆ ರೆಕಾರ್ಡ್ ತೆಗೆಸಿಕೊಂಡವರು ಶೇ 6.5 ಮಾತ್ರ. ಉಳಿದವರಿಗೆ ಗೊತ್ತಿಲ್ಲ, ದುಡ್ಡಿಲ್ಲ, ಇಲ್ಲವೇ ಇನ್ನೊಮ್ಮೆ ಕೋರ್ಟಿನ ಮೆಟ್ಟಿಲು ಹತ್ತುವುದು ಬೇಡ. ತೆಗೆಸಿಕೊಂಡವರ ಸಂಪಾದನೆ ಒಂದು ವರ್ಷದಲ್ಲಿ ಶೇ 20ಕ್ಕೂ ಜಾಸ್ತಿ ಏರಿತ್ತು. ಅವರಲ್ಲಿ ಮತ್ತೆ ಅಪರಾಧಕ್ಕೆ ಸಿಕ್ಕಿದವರು ತುಂಬಾ ಕಡಿಮೆ. ಅದಕ್ಕೇ ಈಗ ಅರ್ಜಿ ಇಲ್ಲದೆ, ಸರ್ಕಾರದ ಕಂಪ್ಯೂಟರೇ ಹುಡುಕಿ ಬೀಗ ಹಾಕುವ ಕಾನೂನು. ಮೊದಲು ಮಾಡಿದ್ದು ಪೆನ್ಸಿಲ್ವೇನಿಯಾ, 2018ರಲ್ಲಿ. ಮಿಷಿಗನ್ 2020ರಲ್ಲಿ ಮಾಡಿತು. ನ್ಯೂಯಾರ್ಕ್‌ನಲ್ಲಿ ಹಳೆಯ ರೆಕಾರ್ಡ್‌ಗಳನ್ನೆಲ್ಲ ಮುಗಿಸಲು ಕೋರ್ಟುಗಳಿಗೆ 2027ರ ನವೆಂಬರ್‌ವರೆಗೆ ಸಮಯ ಇದೆ. ಇಷ್ಟು ನಿಧಾನ ಯಾಕೆ ಅಂತ ಕೇಳಿದರೆ ಅದು ಸರಿಯಾದ ಪ್ರಶ್ನೆ. ಕೊಲೆಗಾರ ಪಕ್ಕದ ಮನೆಗೆ ಬರುತ್ತಾನೆ ಅನ್ನುವುದಲ್ಲ.

ಇದಕ್ಕೆ ಅನು ಒಂದು ಹೆಬ್ಬೆರಳು ಒತ್ತಿದಳು. ನಾಗರಾಜಣ್ಣ ಗೋಕಾಕ್ ಮೆರವಣಿಗೆಯ ಹಳೆಯ ಫೋಟೋ ಒಂದನ್ನು ಎಲ್ಲಿಂದಲೋ ಹುಡುಕಿ ಹಾಕಿದರು. ಅದರಲ್ಲಿ ಇರುವುದು ರಘು ಮಾವನೋ ಅಲ್ಲವೋ ಎಂದು ಮತ್ತೆ ಚರ್ಚೆ. ಅಲ್ಲ ಎಂದು ರಘು ಚಿಕ್ಕಪ್ಪನೇ ಹೇಳಿದರೂ ಅತ್ತೆ ಒಪ್ಪಲಿಲ್ಲ.

ಸಂಜೆ ವಿನಯ್ ಬರೆದದ್ದಕ್ಕಾಗಿಯೇ ಇದನ್ನೆಲ್ಲ ಇಲ್ಲಿ ಹಾಕುತ್ತಿದ್ದೇನೆ.

ವಿನಯ್: ಪ್ರತಿಭಾ, ನನ್ನ ಜೊತೆ ಓದಿದವನೊಬ್ಬ ಇಲ್ಲಿ ಸ್ಟೂಡೆಂಟ್ ಆಗಿದ್ದಾಗ ಅಂಗಡಿಯಲ್ಲಿ ಬಿಲ್ ಮಾಡಿಸದೆ ಸಾಮಾನು ತಂದು ಸಿಕ್ಕಿಬಿದ್ದಿದ್ದ. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದ. ಕಾದು, ವಕೀಲರನ್ನು ಹಿಡಿದು ರೆಕಾರ್ಡ್ ತೆಗೆಸಿದ. ಈಗ ಗ್ರೀನ್ ಕಾರ್ಡ್ ಇದೆ, ಸಿಟಿಜನ್‌ಶಿಪ್ ಫಾರಂ ತುಂಬುತ್ತಿದ್ದಾನೆ. ಏನೂ ಇಲ್ಲ ಅಂತ ಬರೆಯಬಹುದು ಅಲ್ವಾ?

ನಾನು: ಬೇಡ! ಅವನಿಗೆ ಈಗಲೇ ಫೋನ್ ಮಾಡು. ರಾಜ್ಯ ಬೀಗ ಹಾಕಿದ್ದು ಕೇಂದ್ರದ ವಲಸೆ ಕಾನೂನಿಗೆ ಲೆಕ್ಕಕ್ಕಿಲ್ಲ. ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದರೆ ಅವರ ಪ್ರಕಾರ ಅದು ಈಗಲೂ ಶಿಕ್ಷೆಯೇ. ರೆಕಾರ್ಡ್ ತೆಗೆಸಿದ್ದರೂ ಹೇಳಬೇಕು ಅಂತ ಆ ಫಾರಂನಲ್ಲೇ ಬರೆದಿದೆ. ಇಲ್ಲ ಅಂತ ಬರೆದು ಸಿಕ್ಕಿಬಿದ್ದರೆ ಹಳೆಯ ಕಳ್ಳತನಕ್ಕಿಂತ ಹೊಸ ಸುಳ್ಳೇ ದೊಡ್ಡದಾಗುತ್ತದೆ. ವಲಸೆ ವಕೀಲರನ್ನು ನೋಡದೆ ಅರ್ಜಿ ಹಾಕಬಾರದು, ಅಲ್ಲಿಯವರೆಗೆ ವಿದೇಶ ಪ್ರಯಾಣವೂ ಬೇಡ. ಕೋರ್ಟಿನ ತೀರ್ಪಿನ ದೃಢೀಕೃತ ಪ್ರತಿ ಅವನ ಹತ್ತಿರ ಇದೆಯಾ?

ವಿನಯ್: ರೆಕಾರ್ಡ್ ಹೋಯಿತಲ್ಲ ಅಂತ ಎಲ್ಲ ಕಾಗದ ಹರಿದು ಹಾಕಿದನಂತೆ.

ನಾನು: ಎಲ್ಲರೂ ಮಾಡುವುದೇ ಅದು. ತೆಗೆಸಿಕೊಟ್ಟ ವಕೀಲರ ಫೈಲಿನಲ್ಲಿ ಇರಬಹುದು, ನಾಳೆಯೇ ಕೇಳಲಿ.

ದೊಡ್ಡಪ್ಪ: ಯಾರು ಆ ಹುಡುಗ? ನಮ್ಮವರ ಪೈಕಿಯೇ?

ವಿನಯ್: ಹೆಸರು ಹೇಳುವುದಿಲ್ಲ ಮಾವ.

ಮಂಜುಳಾ ಚಿಕ್ಕಮ್ಮ: ಹೇಳಬೇಡ ವಿನಯ್. ಅವನ ಹೆಂಡತಿಗೆ ಗೊತ್ತಿದೆಯಾ, ಅದನ್ನು ಮಾತ್ರ ಕೇಳು.