‘ಸ್ಟಾರ್ಟ್ ಆಗ್ತಿಲ್ಲ’ ಅಂದರೆ ಯಾವುದು: ತಿರುಗುತ್ತಿಲ್ಲವೋ, ಹತ್ತುತ್ತಿಲ್ಲವೋ?

ಗೆಳೆಯರೇ, ಹಳೆಯ ಸಣ್ಣ ಕಾರು ಇಟ್ಟುಕೊಂಡಿರುವವರಿಗೆ ಅಂತ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ‘ಗಾಡಿ ಸ್ಟಾರ್ಟ್ ಆಗುತ್ತಿಲ್ಲವೇ?’ ಅಂತ ಶುರು ಮಾಡಿದೆ. ಎರಡು ಸಲ ಓದಿದ ಮೇಲೆ, ಈ ಮಾತಿನಿಂದ ಓದುಗರಿಗೆ ದಾರಿ ತಪ್ಪುತ್ತದೆ ಅನ್ನಿಸಿತು.

ಯಾಕೆ ಅಂದರೆ, ಹೋದ ತಿಂಗಳು ನನ್ನದೇ ಕಾರು ಕೈಕೊಟ್ಟಿತು. ಮೆಕ್ಯಾನಿಕ್‌ಗೆ ಫೋನ್ ಮಾಡಿ ‘ಸ್ಟಾರ್ಟಿಂಗ್ ಟ್ರಬಲ್’ ಅಂದೆ. ಅವರು ಮೊದಲು ಕೇಳಿದ್ದು ‘ಸೆಲ್ಫ್ ಹೊಡೆದ್ರೆ ಎಂಜಿನ್ ತಿರುಗ್ತಿದೆಯಾ?’ ಅಂತ. ಜೋರಾಗಿಯೇ ತಿರುಗುತ್ತಿದೆ ಅಂದೆ. ‘ಹಂಗಾದ್ರೆ ಬ್ಯಾಟರಿ ಮರೆತುಬಿಡಿ. ಕೀ ಆನ್ ಮಾಡಿ, ಸೆಲ್ಫ್ ಹೊಡೀಬೇಡಿ, ಹಿಂದಿನ ಸೀಟಿನ ಕಡೆ ಕಿವಿ ಕೊಡಿ’ ಅಂದರು. ಪೆಟ್ರೋಲ್ ಪಂಪ್ ಒಂದೆರಡು ಸೆಕೆಂಡ್ ಗುಂಯ್ ಅನ್ನಬೇಕಿತ್ತು. ಅನ್ನಲಿಲ್ಲ. ನೋಡಿದರೆ ಪಂಪಿನ ಫ್ಯೂಸ್ ಹೋಗಿತ್ತು. ಅವರು ಆ ಒಂದು ಪ್ರಶ್ನೆ ಕೇಳದೇ ಹೋಗಿದ್ದರೆ ನಾನು ಸುಮ್ನೆ ಹೊಸ ಬ್ಯಾಟರಿ ತರುತ್ತಿದ್ದೆ.

ನಾವು ‘ಸ್ಟಾರ್ಟ್’ ಅನ್ನುವ ಒಂದೇ ಮಾತಿನಲ್ಲಿ ಎರಡು ಕೆಲಸ ಅಡಗಿವೆ. ಮೊದಲನೆಯದು, ಬ್ಯಾಟರಿಯ ಬಲದಿಂದ ಸ್ಟಾರ್ಟರ್ ಮೋಟಾರ್ ಎಂಜಿನ್ನನ್ನು ತಿರುಗಿಸುವುದು. ಎರಡನೆಯದು, ಒಳಗೆ ಪೆಟ್ರೋಲಿಗೆ ಕಿಡಿ ತಾಗಿ ಎಂಜಿನ್ ತನ್ನ ಬಲದಿಂದಲೇ ಓಡತೊಡಗುವುದು. ಮೊದಲನೆಯದು ಆಗದಿದ್ದರೆ ಬ್ಯಾಟರಿ, ಅದರ ಟರ್ಮಿನಲ್ ಮೇಲೆ ಕೂತ ಬಿಳಿ-ಹಸಿರು ಪುಡಿ, ವೈರು, ಸ್ಟಾರ್ಟರ್ ಇವನ್ನು ನೋಡಬೇಕು. ಸುಮ್ಮನೆ ನಿಂತ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎರಡನೆಯದು ಆಗದಿದ್ದರೆ ಹುಡುಕಾಟವೇ ಬೇರೆ: ಪೆಟ್ರೋಲ್, ಕಿಡಿ, ಗಾಳಿ, ಕಂಪ್ರೆಶನ್ (ಪಿಸ್ಟನ್ ಆ ಗಾಳಿ-ಪೆಟ್ರೋಲನ್ನು ಒತ್ತಿ ಹಿಂಡುವುದು).

ಮೊದಲ ಕೆಲಸಕ್ಕೆ ‘ತಿರುಗು’ ಸಾಕು ಅನ್ನುವುದು ನನ್ನ ಅಭಿಪ್ರಾಯ. ಹಿಂದೆ ಮುಂಭಾಗಕ್ಕೆ ಹ್ಯಾಂಡಲ್ ಸಿಕ್ಕಿಸಿ ಕೈಯಿಂದಲೇ ತಿರುಗಿಸುತ್ತಿದ್ದರು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ ಬಂದ ಮೇಲೆ ಆ ಕೈಕೆಲಸ ಮೆಲ್ಲಗೆ ಹೋಯಿತು, ‘ಸೆಲ್ಫ್ ಸ್ಟಾರ್ಟರ್’ ಅನ್ನುವ ಹೆಸರು ಉಳಿಯಿತು. ನಮ್ಮ ಬಾಯಲ್ಲಿ ಅದು ಬರೀ ‘ಸೆಲ್ಫ್’ ಆಯಿತು. ‘ಸೆಲ್ಫ್ ಹೊಡಿ’ ಅನ್ನುವುದು ನನಗೆ ತುಂಬ ಇಷ್ಟ. ಹಾರ್ನ್ ಹೊಡೆಯುತ್ತೇವೆ, ಬ್ರೇಕ್ ಹೊಡೆಯುತ್ತೇವೆ, ಅದೇ ಸಾಲಿನದು. ಹೊಡೆಯುವುದು ಚಾಲಕ, ತಿರುಗುವುದು ಎಂಜಿನ್. ಎರಡೂ ಮಾತು ಬೇಕು.

ಕಷ್ಟ ಇರುವುದು ಎರಡನೆಯದಕ್ಕೆ.

‘ಹೊತ್ತಿಕೊಳ್ಳು’ ಅಂತ ಮೊದಲು ಬರೆದೆ. ‘ಎಂಜಿನ್ ಹೊತ್ತಿಕೊಂಡಿತು’ ಅಂದರೆ ಓದಿದವರು ನೀರಿನ ಬಕೆಟ್ ಹಿಡಿದು ಓಡಿಬರುತ್ತಾರೆ. ಬೇಡ. ‘ಹಿಡಿ’ ನೋಡಿದೆ. ‘ಎಂಜಿನ್ ಹಿಡಿದುಕೊಂಡಿದೆ’ ಅಂದರೆ ಆಯಿಲ್ ಇಲ್ಲದೆ ಪಿಸ್ಟನ್ ಕಚ್ಚಿಕೊಂಡಿದೆ ಅಂತ, ಪೂರ್ತಿ ಉಲ್ಟಾ. ‘ಚಾಲೂ ಆಗು’ ಚೆನ್ನಾಗಿದೆ, ಆದರೆ ಅದೂ ‘ಸ್ಟಾರ್ಟ್’ ಥರವೇ ಎರಡನ್ನೂ ಸೇರಿಸಿಬಿಡುತ್ತದೆ.

ಉಳಿದಿದ್ದು ‘ಹತ್ತು’. ಹಳಗನ್ನಡದ ‘ಪತ್ತು’. ಅಂಟಿಕೊಳ್ಳು ಅನ್ನುವ ಅರ್ಥ ಇಂದಿಗೂ ಬಿಟ್ಟಿಲ್ಲ, ಹಾಲು ತಳ ಹತ್ತುತ್ತದೆ ಅಲ್ವಾ? ದೀಪ ಹತ್ತುತ್ತದೆ, ಒಲೆ ಹತ್ತುತ್ತದೆ. ಒದ್ದೆ ಸೌದೆ ಹತ್ತುವುದಿಲ್ಲ. ಪೆಟ್ರೋಲ್ ಜಾಸ್ತಿಯಾಗಿ ಕಿಡಿ ಕೊಡುವ ಪ್ಲಗ್ ಒದ್ದೆಯಾದ ಎಂಜಿನ್‌ಗೂ ಇದೇ ಮಾತು ಸರಿಯಾಗಿ ಕೂರುತ್ತದೆ. ಪ್ಲಗ್ ಬಿಚ್ಚಿ ನೋಡಿ, ತುದಿ ಹೊಳೆಯುತ್ತಿರುತ್ತದೆ, ಮೂಗಿಗೆ ಪೆಟ್ರೋಲ್ ವಾಸನೆ ರಪ್ಪನೆ ಹೊಡೆಯುತ್ತದೆ. ಕಿಡಿ ಬಂದರೂ ಹತ್ತುವುದಿಲ್ಲ. ಅದನ್ನು ಒರೆಸಿ, ಒಣಗಿಸಿ ಮತ್ತೆ ಹಾಕಿದರೆ ಹತ್ತುತ್ತದೆ.

ಒಂದು ತೊಡಕಿದೆ. ‘ಗಾಡಿ ಹತ್ತಲಿಲ್ಲ’ ಅಂದರೆ ಏರು ಹತ್ತಲಿಲ್ಲ ಅಂತಲೂ ಆಗುತ್ತದೆ, ಯಾರೋ ಗಾಡಿಗೆ ಏರಲಿಲ್ಲ ಅಂತಲೂ ಆಗುತ್ತದೆ. ಅದಕ್ಕೆ ಎಲ್ಲ ಕಡೆ ‘ಎಂಜಿನ್ ಹತ್ತಲಿಲ್ಲ’ ಅಂತಲೇ ಬರೆಯೋಣ ಅಂದುಕೊಂಡಿದ್ದೇನೆ. ‘ತಿರುಗುತ್ತದೆ, ಹತ್ತುವುದಿಲ್ಲ.’ ಎರಡೇ ಮಾತಿನಲ್ಲಿ ಅರ್ಧ ರೋಗ ಗೊತ್ತಾಯಿತು.

ಇನ್ನು, ಹತ್ತುತ್ತದೆ ಆದರೆ ಬೇಗ ಹತ್ತುವುದಿಲ್ಲ ಅನ್ನುವ ಸ್ಥಿತಿ. ಹಳೆಯ ಕಾರುಗಳಲ್ಲಿ ಇದೇ ಜಾಸ್ತಿ. ಇಂಗ್ಲಿಷಿನ ‘ಹಾರ್ಡ್ ಸ್ಟಾರ್ಟಿಂಗ್’ಗೆ ‘ಕಠಿಣ ಚಾಲನೆ’ ಅಂತ ಒಬ್ಬರು ಸೂಚಿಸಿದರು. ಅದನ್ನು ಓದಿದರೆ ಓಡಿಸುವುದೇ ಕಷ್ಟ ಅನ್ನಿಸುತ್ತದೆ. ‘ಬೆಳಗ್ಗೆ ಗಾಡಿ ಸತಾಯಿಸುತ್ತೆ’ ಅಂತ ಜನ ಹೇಳುತ್ತಾರಲ್ಲ, ಅಧ್ಯಾಯದ ತಲೆಬರಹಕ್ಕೆ ಅದನ್ನೇ ಇಟ್ಟೆ. ವಿವರಣೆಯಲ್ಲಿ ‘ತಡವಾಗಿ ಹತ್ತುವುದು’. ತಣ್ಣಗಿದ್ದಾಗ ತಡವೋ, ಬಿಸಿಯಿದ್ದಾಗ ತಡವೋ ಅಂತಲೂ ಕೇಳಬೇಕು, ಕಾರಣಗಳು ಬೇರೆ. ಇಂಜೆಕ್ಷನ್ (ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ವ್ಯವಸ್ಥೆ) ಇರುವ ಕಾರಿನಲ್ಲಿ ರಾತ್ರಿಯೆಲ್ಲ ನಿಂತ ಮೇಲೆ ತಡವಾದರೆ ಒಂದು ಪರೀಕ್ಷೆ ಮಾಡಬಹುದು. ಕೀಯನ್ನು ಎರಡು ಮೂರು ಸಲ ಆನ್-ಆಫ್ ಮಾಡಿ, ಪ್ರತಿ ಸಲ ಪಂಪಿನ ಗುಂಯ್ ನಿಲ್ಲುವವರೆಗೆ ಕಾದು, ಆಮೇಲೆ ಸೆಲ್ಫ್ ಹೊಡೆಯಬೇಕು. ಥಟ್ಟನೆ ಹತ್ತಿತೋ, ಪೈಪಿನಲ್ಲಿನ ಪೆಟ್ರೋಲ್ ಒತ್ತಡ ರಾತ್ರಿ ಇಳಿದುಹೋಗುತ್ತಿದೆ ಅನ್ನುವ ಅನುಮಾನ ಗಟ್ಟಿಯಾಗುತ್ತದೆ.

ಕೊನೆಯ ಪ್ರಶ್ನೆಗೆ ನಿಮ್ಮ ಕಿವಿ ಬೇಕು. ಎಂಜಿನ್ ಹತ್ತಿ, ಎರಡು ಸೆಕೆಂಡ್ ಓಡಿ, ನಿಂತುಬಿಡುತ್ತದೆ. ‘ಆಫ್ ಆಯ್ತು’ ಅಂದರೆ ಯಾರೋ ಕೀ ತಿರುಗಿಸಿ ಆಫ್ ಮಾಡಿದರೋ, ತಾನಾಗಿ ನಿಂತಿತೋ ಗೊತ್ತಾಗುವುದಿಲ್ಲ. ‘ಹತ್ತು’ವಿನ ಜೋಡಿ ‘ಆರು’ ಅಲ್ವಾ? ದೀಪ ಹತ್ತಿತು, ದೀಪ ಆರಿತು. ಹಾಗಾಗಿ ‘ಎಂಜಿನ್ ಹತ್ತಿದ ಕೂಡಲೇ ಆರುತ್ತದೆ’ ಅಂತ ಬರೆದಿದ್ದೇನೆ. ಆದರೆ ಬಿಸಿ ನೀರೂ ಆರುತ್ತದೆ. ಇದನ್ನು ಮೊದಲ ಸಲ ಓದುವವರಿಗೆ ಎಂಜಿನ್ ನಿಂತುಹೋಯಿತು ಅಂತ ಹೊಳೆಯುತ್ತದೆಯೇ, ಇಲ್ಲ ತಣ್ಣಗಾಯಿತು ಅಂತ ಕೇಳಿಸುತ್ತದೆಯೇ?