ಹೂಡಿಕೆ, ಕಾರು, ವಿಮೆ: ಯಾವುದು ಮೊದಲು?

ಪ್ರಶ್ನೆ:
ಕೆಲಸಕ್ಕೆ ಸೇರಿ ಎರಡು ವರ್ಷ ಆಯಿತು. ಈಗೀಗ ತಿಂಗಳ ಕೊನೆಗೆ ಕೈಯಲ್ಲಿ ಸ್ವಲ್ಪ ದುಡ್ಡು ಉಳಿಯುತ್ತಿದೆ. ಸಾಲ ಮಾಡಿ ಹೊಸ ಕಾರು ತಗೊಳ್ಳುವ ಆಸೆ. ಪರಿಚಯದ ಏಜೆಂಟರೊಬ್ಬರು ಉಳಿತಾಯ, ವಿಮೆ ಎರಡೂ ಒಂದರಲ್ಲೇ ಇರುವ 20 ವರ್ಷದ ಪಾಲಿಸಿ ಮಾಡಿಸಿ ಅನ್ನುತ್ತಾರೆ. ಗೆಳೆಯರು ಷೇರು ಅನ್ನುತ್ತಾರೆ. ಅಪ್ಪ ಅಮ್ಮ ನನ್ನ ಸಂಬಳವನ್ನೇ ನೆಚ್ಚಿಕೊಂಡಿದ್ದಾರೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ 1:
ಈ ಮೂರನ್ನೂ ನಾನು ಒಂದೇ ವರ್ಷದಲ್ಲಿ ಶುರು ಮಾಡಿದೆ. ಅದಕ್ಕೇ ಬರೆಯುತ್ತಿದ್ದೇನೆ. ಏಳು ವರ್ಷದ ಸಾಲದಲ್ಲಿ ಹೊಸ ಕಾರು, ಉಳಿತಾಯದ ಪಾಲಿಸಿ, ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ (ಹಲವರ ದುಡ್ಡು ಸೇರಿಸಿ ಷೇರುಗಳಲ್ಲಿ ಹಾಕುವಂಥದ್ದು) ಒಂದಿಷ್ಟು. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಭಾರ ಅನ್ನಿಸಲಿಲ್ಲ. ಕೂಡಿಸಿದಾಗ ಮಾತ್ರ ಸಂಬಳದ ಅರ್ಧಕ್ಕಿಂತ ಜಾಸ್ತಿ ಆಗುತ್ತಿತ್ತು. ನಾನು ಕೂಡಿಸಿಯೇ ನೋಡಿರಲಿಲ್ಲ.

ಎರಡನೇ ವರ್ಷ ಕೆಲಸ ಹೋಯಿತು. ಐದು ತಿಂಗಳು ಸಂಬಳ ಇಲ್ಲ. ಕಾರು ಮಾರೋಣ ಅಂದರೆ, ಬರುವ ಬೆಲೆಗಿಂತ ಬಾಕಿ ಸಾಲವೇ ಜಾಸ್ತಿ. ಹೊಸ ಕಾರಿನ ಬೆಲೆ ಮೊದಲ ಎರಡು ಮೂರು ವರ್ಷದಲ್ಲೇ ಜೋರಾಗಿ ಇಳಿಯುತ್ತದೆ. ಉದ್ದದ ಸಾಲದಲ್ಲಿ ಅಸಲು ಮಾತ್ರ ನಿಧಾನಕ್ಕೆ ಕರಗುತ್ತದೆ. ಪಾಲಿಸಿ ವಾಪಸ್ ಕೊಟ್ಟೆ, ಕಟ್ಟಿದ್ದರಲ್ಲಿ ಅರ್ಧವೂ ಬರಲಿಲ್ಲ. ಕೊನೆಗೆ ಫಂಡಿಗೆ ಕೈ ಹಾಕಿದೆ, ಅದೂ ಮಾರುಕಟ್ಟೆ ಬಿದ್ದಿದ್ದ ಹೊತ್ತಿನಲ್ಲಿ. ಫಂಡಿನದೇನೂ ತಪ್ಪಿರಲಿಲ್ಲ. ನನಗೆ ಕಾಯಲು ಆಗಲಿಲ್ಲ, ಅಷ್ಟೇ. ಕಾರು ತಗೊಂಡ ದಿನವೇ ನಾನು ಹೂಡಿಕೆಯನ್ನೂ ಕೆಡಿಸಿಕೊಂಡಿದ್ದೆ.

ಈಗ ಯಾವುದಕ್ಕೇ ಸಹಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ನಾಳೆ ಸಂಬಳ ನಿಂತರೆ ಇದನ್ನು ನಷ್ಟ ಇಲ್ಲದೆ ನಿಲ್ಲಿಸಬಹುದಾ? ಫಂಡಿಗೆ ಹಾಕುವುದನ್ನು ನಿಲ್ಲಿಸಬಹುದು. ಕಾರಿನ ಕಂತು ಆಗುವುದಿಲ್ಲ. ಉಳಿತಾಯದ ಪಾಲಿಸಿ ಶುರುವಿನ ವರ್ಷಗಳಲ್ಲಿ ನಿಲ್ಲಿಸಿದರೆ ಕಟ್ಟಿದ್ದರಲ್ಲಿ ಒಂದಷ್ಟು ಕೈಬಿಡುತ್ತದೆ. ಹಾಗಾಗಿ ಆರು ತಿಂಗಳ ಮನೆಖರ್ಚು ಬೇರೆ ಖಾತೆಯಲ್ಲಿ ಬೀಳುವ ತನಕ ಬೇರೆ ಯಾವುದಕ್ಕೂ ಹೋಗಬೇಡಿ.

ಉತ್ತರ 2:
ಕಾರಿನ ಸಾಲದ ಬಗ್ಗೆ ಒಂದು ಮಾತು. ಬಡ್ಡಿ ಹೇಳಿದಾಗ ಅದು ಫ್ಲಾಟ್ ದರವೋ, ಉಳಿದ ಅಸಲಿನ ಮೇಲಿನ ದರವೋ ಕೇಳಿ. ನಾನು ಕೇಳಲಿಲ್ಲ. 5 ವರ್ಷಕ್ಕೆ 10% ಫ್ಲಾಟ್ ಅಂದರು, ಒಪ್ಪಿದೆ. ಅಸಲು ತೀರುತ್ತಾ ಬಂದರೂ ಬಡ್ಡಿ ಕೊನೆಯ ಕಂತಿನವರೆಗೂ ಪೂರ್ತಿ ಸಾಲದ ಮೇಲೇ ಇತ್ತು. ಉಳಿದ ಅಸಲಿನ ಲೆಕ್ಕಕ್ಕೆ ತಂದರೆ ಅದು 17% ದಾಟುತ್ತದೆ!

ಇನ್ನೊಂದು. ಕಾರು ತಗೊಳ್ಳುವ ಮೊದಲು ಆರು ತಿಂಗಳು ಕಂತು, ಇಂಧನ, ಕಾರಿನ ವಿಮೆ, ಸರ್ವಿಸ್ ಎಲ್ಲಾ ಸೇರಿಸಿ ಅಷ್ಟು ದುಡ್ಡನ್ನು ಪಕ್ಕಕ್ಕೆ ಇಡುತ್ತಾ ಬನ್ನಿ. ಕಷ್ಟವಾದರೆ ಗೊತ್ತಾಗುತ್ತದೆ. ಆಗದಿದ್ದರೆ ಮುಂಗಡಕ್ಕೆ ಅದೇ ದುಡ್ಡು ಆಯಿತು.

ಉತ್ತರ 3:
ಅಪ್ಪ ಅಮ್ಮ ನಿಮ್ಮನ್ನೇ ನೆಚ್ಚಿಕೊಂಡಿದ್ದಾರೆ ಅಂದಿರಿ. ಅದಕ್ಕೆ ಇದನ್ನು ಹೇಳಲೇಬೇಕು.

ನಮ್ಮ ಅಣ್ಣ ತೀರಿಕೊಂಡಾಗ ಅವನ ಹೆಸರಲ್ಲಿ ಇದ್ದದ್ದು ನಿಮ್ಮ ಏಜೆಂಟರು ಹೇಳುವಂಥದ್ದೇ ಒಂದು ಪಾಲಿಸಿ. ಒಂಬತ್ತು ವರ್ಷ ತಪ್ಪದೆ ಕಟ್ಟಿದ್ದ. ಬಂದ ದುಡ್ಡು ಅತ್ತಿಗೆಗೆ ಒಂದು ವರ್ಷವೂ ಸಾಲಲಿಲ್ಲ. ಪ್ರೀಮಿಯಂನ ಹೆಚ್ಚಿನ ಪಾಲು ಉಳಿತಾಯಕ್ಕೆ ಹೋಗುತ್ತಿತ್ತು, ರಕ್ಷಣೆಗೆ ಹೋಗಿದ್ದು ಚೂರು. ಅಷ್ಟೇ ಪ್ರೀಮಿಯಂಗೆ ಬರೀ ಟರ್ಮ್ ಪಾಲಿಸಿ (ಉಳಿತಾಯ ಇಲ್ಲದ, ತೀರಿಕೊಂಡರೆ ಮಾತ್ರ ದುಡ್ಡು ಕೊಡುವ ವಿಮೆ) ತಗೊಂಡಿದ್ದರೆ ಎಷ್ಟೋ ಪಟ್ಟು ಜಾಸ್ತಿ ಸಿಗುತ್ತಿತ್ತು. ಬದುಕಿದ್ದರೆ ಅದರಲ್ಲಿ ಏನೂ ವಾಪಸ್ ಬರುವುದಿಲ್ಲ ಅಂತ ಜನ ಹಿಂಜರಿಯುತ್ತಾರೆ. ಅಣ್ಣನೂ ಹಾಗೇ ಅಂದಿದ್ದ.

ಫಾರ್ಮ್ ನೀವೇ ತುಂಬಿ. ಶುಗರ್, ಬಿಪಿ, ಸಿಗರೇಟು, ಏನಿದ್ದರೂ ಬರೆಯಿರಿ. ನಾನು ಶುಗರ್ ಇದೆ ಅಂತ ಬರೆದೆ, ಪ್ರೀಮಿಯಂ ಸ್ವಲ್ಪ ಹೆಚ್ಚಾಯಿತು. ಮುಚ್ಚಿಟ್ಟಿದ್ದು ಮುಂದೆ ಗೊತ್ತಾದರೆ ಕ್ಲೇಮ್ ತಳ್ಳಿಹಾಕಬಹುದು. ಆಗ ಉತ್ತರ ಕೊಡಲು ನಾವೇ ಇರುವುದಿಲ್ಲ ಅಲ್ವಾ?

ಉತ್ತರ 4:
ಹೂಡಿಕೆಗೆ ನನ್ನ ಮಾತು ಚಿಕ್ಕದು. ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಮೊದಲು ತೀರಿಸಿ. ಆಮೇಲೆ ಫಂಡ್ ನಡೆಸುವವರು ವರ್ಷ ವರ್ಷ ನಿಮ್ಮ ದುಡ್ಡಿನಿಂದ ಹಿಡಿದುಕೊಳ್ಳುವ ಖರ್ಚು ನೋಡಿ. ವರ್ಷಕ್ಕೆ 7% ಬೆಳೆದರೆ 30 ವರ್ಷದಲ್ಲಿ 100 ಹೋಗಿ 761 ಆಗುತ್ತದೆ. ಖರ್ಚಿಗೆ 1% ಹೋಗಿ 6% ಉಳಿದರೆ 574 ಮಾತ್ರ. ಅಮೆರಿಕದ ಜಾನ್ ಬೋಗಲ್ 1976ರಲ್ಲಿ ಸಾಮಾನ್ಯ ಜನರಿಗೆ ಅಂತ ಇಂಡೆಕ್ಸ್ ಫಂಡ್ (ಷೇರು ಆರಿಸಲು ಹೋಗದೆ ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಫಂಡ್) ತಂದಿದ್ದು ಈ ಖರ್ಚನ್ನು ಇಳಿಸಲಿಕ್ಕೇ. ನಾನು ಅಂಥದ್ದರಲ್ಲೇ ಹಾಕುತ್ತೇನೆ. ಐದು ವರ್ಷದೊಳಗೆ ಬೇಕಾಗುವ ದುಡ್ಡನ್ನು ಅಲ್ಲಿ ಇಡುವುದಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಕೂತು ಎಲ್ಲಾ ಕಂತುಗಳನ್ನು ಕೂಡಿಸಿದೆ. ಸಂಬಳದಲ್ಲಿ ಮೂರನೇ ಎರಡು ಭಾಗ ಹೋಗುತ್ತಿತ್ತು. ಏಜೆಂಟರಿಗೆ ಬೇಡ ಅಂದೆ, ಕಾರು ಮುಂದಿನ ವರ್ಷಕ್ಕೆ. ಕಂಪನಿಯಿಂದ ಜೀವ ವಿಮೆ, ಆರೋಗ್ಯ ವಿಮೆ ಎರಡೂ ಇವೆ. ಸದ್ಯಕ್ಕೆ ಅದು ಸಾಲದಾ?

ಉತ್ತರ 1 ಬರೆದವರು:
ಕೆಲಸ ಬಿಟ್ಟರೆ ಸಾಮಾನ್ಯವಾಗಿ ಅದೂ ನಿಲ್ಲುತ್ತದೆ. ನನಗೂ ಕಂಪನಿ ವಿಮೆಯೇ ಇತ್ತು. ಆ ಐದು ತಿಂಗಳು ನಮ್ಮ ಮನೆಯಲ್ಲಿ ಯಾರಿಗೂ ಆರೋಗ್ಯ ವಿಮೆ ಇರಲಿಲ್ಲ.